ತಾಮ್ರದ ಹೆಲ್ಮೆಟ್, ಸೀಸದ ಬೂಟು: ಹಳೇ ಡೈವಿಂಗ್ ಸೂಟಿನ ದೋಷ ಹುಡುಕುವುದು ಹೇಗೆ?

ಅಮೆರಿಕದ ನೌಕಾಪಡೆಯ ಸಂಕೇತದಲ್ಲಿ ಡೈವರ್ ಹಗ್ಗವನ್ನು ನಾಲ್ಕು ಸಲ ಜಗ್ಗಿದರೆ ‘ನನ್ನನ್ನು ಮೇಲೆ ಎಳೆಯಿರಿ’ ಎಂದರ್ಥ. ಯಾಕೆ ಅಂತ ಹಗ್ಗ ಹೇಳುವುದಿಲ್ಲ. ಗಾಳಿ ಸಾಲುತ್ತಿಲ್ಲವೋ, ಒಳಗೆ ನೀರು ಬರುತ್ತಿದೆಯೋ, ಸುಮ್ನೆ ಸುಸ್ತಾಗಿದೆಯೋ, ಅದನ್ನೆಲ್ಲ ದೋಣಿಯ ಮೇಲೆ ನಿಂತವನೇ ಊಹಿಸಬೇಕು. ಅವನ ಕೈಯಲ್ಲಿ ಇರುವ ಸುಳಿವುಗಳು ಕೆಲವೇ: ಹಗ್ಗ, ಪಂಪಿನ ಗೇಜು, ನೀರಿನ ಮೇಲೆ ಏಳುವ ಗುಳ್ಳೆ, ಪಂಪು ತಿರುಗಿಸುವವರ ಕೈಗೆ ಸಿಗುವ ಬಿಗಿ. ಹಳೇ ಕಾಲದ ಭಾರದ ಸೂಟಿನ ದೋಷ ಹುಡುಕುವುದು ಅಂದರೆ ಇವನ್ನು ಓದಲು ಕಲಿಯುವುದು. ನೀರಿನೊಳಗೆ ಇರುವವನಿಗೆ ತನ್ನ ಸೂಟಿಗೆ ಏನಾಗಿದೆ ಅಂತ ಎಷ್ಟೋ ಸಲ ಕೊನೆಗೆ ಗೊತ್ತಾಗುತ್ತದೆ.

ಈ ಬರಹ ಆ ಸೂಟು ಹೇಗೆ ಕೆಲಸ ಮಾಡುತ್ತಿತ್ತು ಅಂತ ತಿಳಿಯಲು ಆಸೆ ಇರುವವರಿಗೆ. ಇದನ್ನು ಓದಿಕೊಂಡು ಯಾರೂ ಹಳೇ ಹೆಲ್ಮೆಟ್ ಹಾಕಿ ನೀರಿಗೆ ಇಳಿಯಬೇಡಿ. ಅದಕ್ಕೆ ತರಬೇತಿ ಬೇಕು, ಜೊತೆಗೆ ಆಳುಗಳೂ ಬೇಕು.

ಮೊದಲು ಸೂಟಿನ ಲೆಕ್ಕ

ಇಂಗ್ಲೆಂಡಿನ ಡೀನ್ ಸಹೋದರರು ಹೊಗೆ ತುಂಬಿದ ಕಡೆ ನುಗ್ಗಲು ಒಂದು ಹೆಲ್ಮೆಟ್ ಮಾಡಿದ್ದರು. ಅದರ ಪೇಟೆಂಟ್ ಸಿಕ್ಕಿದ್ದು 1823ರಲ್ಲಿ. ಆಮೇಲೆ ಅದನ್ನೇ ನೀರಿಗೂ ಬಳಸಿದರು. ಬೋರಲು ಹಾಕಿದ ಲೋಟವನ್ನು ಬಕೆಟ್ಟಿನಲ್ಲಿ ಅದ್ದಿದರೆ ಒಳಗೆ ಗಾಳಿ ಉಳಿಯುತ್ತದೆ, ಅಲ್ವಾ? ಇದೂ ಹಾಗೇ. ಹೆಲ್ಮೆಟ್ಟಿನ ಕೆಳಭಾಗ ತೆರೆದೇ ಇತ್ತು. ಮೇಲಿಂದ ಪಂಪು ಮಾಡಿದ ಗಾಳಿ ಹೆಚ್ಚಾದರೆ ಅಂಚಿನಿಂದ ಹೊರಗೆ ಹೋಗುತ್ತಿತ್ತು. ತೊಂದರೆ ಏನೆಂದರೆ, ಡೈವರ್ ಬಗ್ಗಿದರೆ ಅಥವಾ ಬಿದ್ದರೆ ನೀರು ನೇರ ಮುಖಕ್ಕೆ ಬರುತ್ತಿತ್ತು.

ಜರ್ಮನಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಆಗಸ್ಟಸ್ ಸೀಬೆ 1830ರ ದಶಕದ ಕೊನೆಯ ಹೊತ್ತಿಗೆ ಹೆಲ್ಮೆಟ್ಟನ್ನು ನೀರು ನುಗ್ಗದ ಇಡೀ ಮೈಯ ಸೂಟಿಗೆ ಜೋಡಿಸಿದ. 1782ರಲ್ಲಿ ಸ್ಪಿಟ್‌ಹೆಡ್‌ನಲ್ಲಿ ಮುಳುಗಿದ್ದ ‘ರಾಯಲ್ ಜಾರ್ಜ್’ ಹಡಗಿನ ಅವಶೇಷ ತೆಗೆಯುವ ಕೆಲಸ 1839ರಲ್ಲಿ ಶುರುವಾಯಿತು. ಅದರ ಹೊಣೆ ಕರ್ನಲ್ ಚಾರ್ಲ್ಸ್ ಪಾಸ್ಲಿಯದು. ಬೇರೆ ಬೇರೆಯವರ ಸೂಟುಗಳನ್ನು ಅಲ್ಲಿ ಬಳಸಿ ನೋಡಿದ ಮೇಲೆ ಪಾಸ್ಲಿ ಮೆಚ್ಚಿದ್ದು ಸೀಬೆಯ ಸೂಟನ್ನು. ಮುಂದೆ ನೂರು ವರ್ಷಕ್ಕೂ ಜಾಸ್ತಿ ಕಾಲ ಬಂದರು, ಸೇತುವೆ, ಹಡಗಿನ ತಳ, ಸ್ಪಂಜು, ಮುತ್ತಿನ ಚಿಪ್ಪು ಅಂತ ನೀರಿನೊಳಗಿನ ಕೂಲಿ ಕೆಲಸವೆಲ್ಲ ನಡೆದದ್ದು ಬಹುಪಾಲು ಈ ಮಾದರಿಯಲ್ಲೇ.

ಸೂಟಿನ ಬಟ್ಟೆ ಎರಡು ಪದರದ ದಪ್ಪ ಹತ್ತಿ ಬಟ್ಟೆ, ನಡುವೆ ರಬ್ಬರ್ ಹಾಳೆ. ಮಣಿಕಟ್ಟಿಗೆ ಬಿಗಿ ರಬ್ಬರ್ ಪಟ್ಟಿ. ಕುತ್ತಿಗೆಯ ಸುತ್ತ ದಪ್ಪ ರಬ್ಬರ್ ಕಾಲರ್. ಹೆಗಲ ಮೇಲೆ ಕೂರುವ ತಾಮ್ರದ ತಟ್ಟೆಯ ಬೋಲ್ಟುಗಳಿಗೆ ಆ ಕಾಲರ್ ಸಿಕ್ಕಿಸಿ, ಮೇಲೆ ಹಿತ್ತಾಳೆ ಪಟ್ಟಿ ಇಟ್ಟು, ವಿಂಗ್ ನಟ್ ಬಿಗಿಯುತ್ತಾರೆ. 12 ಬೋಲ್ಟಿನ ಮಾದರಿ ಇದೆ, 6ರದ್ದೂ ಇದೆ. ಹೆಲ್ಮೆಟ್ಟನ್ನು ತಟ್ಟೆಯ ಮೇಲೆ ಇಟ್ಟು ಎಂಟನೇ ಒಂದು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಅಮೆರಿಕದ ನೌಕಾಪಡೆ 1916ರಲ್ಲಿ ಒಪ್ಪಿದ ಮಾರ್ಕ್ 5 ಸೂಟಿನ ಒಟ್ಟು ತೂಕ ಸುಮಾರು 86 ಕಿಲೋ. ಅದರಲ್ಲಿ ಸೊಂಟದ ಸೀಸದ ಬೆಲ್ಟೇ 38 ಕಿಲೋ, ಒಂದೊಂದು ಬೂಟು 8 ಕಿಲೋ.

ಇಷ್ಟೆಲ್ಲ ಇದ್ದರೂ ಕೆಲಸ ಮಾಡುವ ಭಾಗಗಳು ಎರಡೇ. ಹೆಲ್ಮೆಟ್ಟಿನ ಹಿಂದೆ ಗಾಳಿ ಒಳಬರುವ ನಾನ್ ರಿಟರ್ನ್ ವಾಲ್ವ್, ಅಂದರೆ ಗಾಳಿಯನ್ನು ಒಳಕ್ಕೆ ಮಾತ್ರ ಬಿಟ್ಟು ವಾಪಸ್ ಹೋಗಲು ಬಿಡದ ವಾಲ್ವ್. ಬಲಗಡೆ ಗಾಳಿ ಹೊರಬಿಡುವ ವಾಲ್ವ್, ಇದನ್ನು ಡೈವರ್ ಕೈಯಿಂದ ತಿರುಗಿಸಿ ಹೊಂದಿಸುತ್ತಾನೆ. ನೀರಿನ ಮೇಲೆ ಗಾಳಿಯ ಒತ್ತಡವೇ ಒಂದು ವಾತಾವರಣದಷ್ಟು ಇರುತ್ತದೆ. ಅಲ್ಲಿಂದ 10 ಮೀಟರ್ ಇಳಿದಂತೆಲ್ಲ ಸಮುದ್ರದ ನೀರಿನ ಒತ್ತಡ ಇನ್ನೊಂದು ವಾತಾವರಣದಷ್ಟು ಏರುತ್ತದೆ. ಒಳಗಿನ ಗಾಳಿಯೂ ಅಷ್ಟೇ ಏರಬೇಕು. ಬರುವ ಗಾಳಿ, ಹೋಗುವ ಗಾಳಿ, ಹೊರಗಿನ ನೀರು, ಈ ಮೂರರ ಲೆಕ್ಕ ಎಲ್ಲಿ ತಪ್ಪಿತು ಅಂತ ಕೇಳಿಕೊಂಡರೆ ಮುಂದಿನ ಹೆಚ್ಚಿನ ದೋಷಗಳ ಬುಡ ಸಿಗುತ್ತದೆ.

ಏದುಸಿರು, ತಲೆನೋವು, ‘ಗಾಳಿ ಸಾಲ್ತಿಲ್ಲ’

ಅತಿ ಸಾಮಾನ್ಯ ದೂರು ಇದು. ತಪ್ಪಾಗಿ ಓದುವುದೂ ಇದನ್ನೇ ಜಾಸ್ತಿ.

ದೋಣಿಯವನು ಮೊದಲು ಗೇಜು ನೋಡುತ್ತಾನೆ. ಮುಳ್ಳು ಸರಿಯಾದ ಆಳದಲ್ಲೇ ನಿಂತಿದೆ. ‘ಗಾಳಿ ಸರಿಯಾಗೇ ಹೋಗ್ತಿದೆ’ ಅಂದುಕೊಳ್ಳುತ್ತಾನೆ. ಇಲ್ಲೇ ಎಡವಟ್ಟು. ಗೇಜು ತೋರಿಸುವುದು ಒತ್ತಡವನ್ನು, ಗಾಳಿಯ ಪ್ರಮಾಣವನ್ನಲ್ಲ. ಪಂಪಿನಿಂದ ಗಾಳಿ ಒಯ್ಯುವ ಹೋಸಿನ ಕೆಳತುದಿ ಹೆಲ್ಮೆಟ್ಟಿಗೆ ತೆರೆದಿದೆ, ಹೆಲ್ಮೆಟ್ಟು ವಾಲ್ವಿನ ಮೂಲಕ ನೀರಿಗೆ ತೆರೆದಿದೆ. ಹಾಗಾಗಿ ಪಂಪು ಜೋರಾಗಿ ತಿರುಗಲಿ, ಮೆಲ್ಲಗೆ ತಿರುಗಲಿ, ಮುಳ್ಳು ಹೆಚ್ಚುಕಡಿಮೆ ಡೈವರ್ ಇರುವ ಆಳದ ಒತ್ತಡದಲ್ಲೇ ನಿಲ್ಲುತ್ತದೆ. ಅದು ಆಳ ಅಳೆಯುವ ಸಾಧನ ಅಂತಲೇ ತಿಳಿಯಿರಿ.

ಇದನ್ನು ಲೆಕ್ಕ ಹಾಕಿ ಹೇಳಿದವರು ಬ್ರಿಟನ್ನಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. 1905ರ ಸುಮಾರಿಗೆ ಬ್ರಿಟಿಷ್ ನೌಕಾಡಳಿತ ಅವರಿಗೆ ಆಳದ ಡೈವಿಂಗ್ ಕಷ್ಟಗಳನ್ನು ನೋಡಲು ಹೇಳಿತು. ಡೈವರ್‌ಗಳು ಏದುಸಿರು ಬಿಡುವುದಕ್ಕೆ ನೀರಿನ ಒತ್ತಡ ಕಾರಣವಲ್ಲ, ಹೆಲ್ಮೆಟ್ಟಿನಲ್ಲಿ ಸೇರಿಕೊಳ್ಳುವ ಇಂಗಾಲದ ಡೈಆಕ್ಸೈಡ್ ಕಾರಣ ಅಂತ ಅವರು ತೋರಿಸಿದರು. ಡೈವರ್ ಇರುವ ಒತ್ತಡದಲ್ಲಿ ಅಳೆದಾಗ ನಿಮಿಷಕ್ಕೆ ಒಂದೂವರೆ ಘನ ಅಡಿ, ಅಂದರೆ ಸುಮಾರು 42 ಲೀಟರ್ ಗಾಳಿ ಬೇಕು. ‘ಆ ಒತ್ತಡದಲ್ಲಿ’ ಅನ್ನುವುದೇ ಮುಖ್ಯ. ದೋಣಿಯ ಮೇಲೆ ಅಳೆದ 42 ಲೀಟರ್ ಗಾಳಿ 30 ಮೀಟರ್ ಕೆಳಗೆ ಹೋಗುವಷ್ಟರಲ್ಲಿ ನಾಲ್ಕನೇ ಒಂದಕ್ಕೆ ಕುಗ್ಗುತ್ತದೆ. ಹಾಗಾಗಿ 30 ಮೀಟರಿಗೆ ಮೇಲಿಂದ ಸುಮಾರು 170 ಲೀಟರ್ ತಳ್ಳಬೇಕು. ಆಳ ಹೆಚ್ಚಿದಷ್ಟೂ ಪಂಪಿನವರ ಬೆವರು ಹೆಚ್ಚು.

ಪಂಪಿನ ಸುತ್ತು ಎಣಿಸಿದರೆ ಸಾಕಲ್ವಾ? ಸಾಲದು. ಪಿಸ್ಟನ್ನಿನ ಚರ್ಮದ ವಾಷರ್ ಸವೆದಿದ್ದರೆ ಕಡಿಮೆ ಒತ್ತಡದಲ್ಲಿ ಏನೂ ಗೊತ್ತಾಗುವುದಿಲ್ಲ. ಒತ್ತಡ ಏರಿದಾಗ ಅರ್ಧ ಗಾಳಿ ವಾಷರ್ ಪಕ್ಕದಿಂದಲೇ ವಾಪಸ್ ಸೋರಬಹುದು. ನೌಕಾಪಡೆಯ ಪಂಪುಗಳಲ್ಲೂ ಹೀಗೆ ಸೋರಿಕೆ ಇತ್ತು ಅಂತ ಹಾಲ್ಡೇನರ ಪರೀಕ್ಷೆಯಲ್ಲಿ ಕಂಡಿತು. ಹಿಡಿ ತಿರುಗಿಸುವವರಿಗೆ ‘ಇವತ್ತು ಪಂಪು ಹಗುರವಾಗಿದೆ’ ಅನ್ನಿಸಿದರೆ ಖುಷಿಪಡಬೇಡಿ, ಅದು ಸೋರಿಕೆಯ ಲಕ್ಷಣ. ಖಚಿತ ಮಾಡಿಕೊಳ್ಳುವುದು ಹೀಗೆ: ಹೋಸಿನ ತುದಿಯ ನಲ್ಲಿಯನ್ನು ಸ್ವಲ್ಪವೇ ತೆರೆದು, ಗೇಜು ಕೆಲಸದ ಆಳದ ಒತ್ತಡ ತೋರಿಸುವಂತೆ ಪಂಪು ತಿರುಗಿಸಬೇಕು. ಹೊರಬರುವ ಗಾಳಿಯನ್ನು ನೀರು ತುಂಬಿದ ಬೋರಲು ಪಾತ್ರೆಯಲ್ಲಿ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ಬಂತು ಅಂತ ಅಳೆಯಬೇಕು.

ಡೈವರ್ ಕಡೆಯಿಂದ ಮಾಡಬೇಕಾದ್ದು ಸರಳ. ಕೆಲಸ ನಿಲ್ಲಿಸಬೇಕು. ಮೈ ದಣಿದಾಗ ದೇಹ ಬಿಡುವ ಇಂಗಾಲದ ಡೈಆಕ್ಸೈಡ್ ಹಲವು ಪಟ್ಟು ಏರುತ್ತದೆ, ಕೂತರೆ ಇಳಿಯುತ್ತದೆ. ಹೊರಬಿಡುವ ವಾಲ್ವನ್ನು ಸ್ವಲ್ಪ ತೆರೆದು, ಗಾಳಿ ಹೆಚ್ಚು ಕಳಿಸಲು ಹೇಳಬೇಕು. ಎರಡು ನಿಮಿಷದಲ್ಲಿ ಉಸಿರು ತಹಬದಿಗೆ ಬಂದರೆ ಕಾರಣ ಇದೇ. ಬರದಿದ್ದರೆ ಮೇಲೆ ಬರಬೇಕು, ಚರ್ಚೆ ಆಮೇಲೆ.

ಬರುವ ಗಾಳಿ ಬಿಸಿಯಾಗಿ, ಎಣ್ಣೆ ವಾಸನೆ ಹೊಡೆಯುತ್ತಿದ್ದರೆ ಬೇರೆ ವಿಷಯ. ಒತ್ತಿದ ಗಾಳಿ ಕಾಯುತ್ತದೆ. ಅದಕ್ಕೇ ದೊಡ್ಡ ಪಂಪುಗಳ ಸಿಲಿಂಡರ್ ಸುತ್ತ ನೀರಿನ ತೊಟ್ಟಿ ಇರುತ್ತದೆ. ಆ ತೊಟ್ಟಿಯಲ್ಲಿ ನೀರಿದೆಯೇ ನೋಡಿ.

ಇನ್ನೊಂದು ಗುರುತು. ಆಳದಲ್ಲಿರುವವನು ಏದುಸಿರು ಬಿಡದೆ, ಖುಷಿಖುಷಿಯಾಗಿ ಪೆದ್ದು ಉತ್ತರ ಕೊಡುತ್ತಿದ್ದರೆ ಪಂಪು ಬಿಚ್ಚಬೇಡಿ. ಅದು ಒತ್ತಡದ ಗಾಳಿಯಲ್ಲಿನ ಸಾರಜನಕ ತಲೆಗೇರಿದ ಲಕ್ಷಣ. ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ 1935ರಲ್ಲಿ ಇದಕ್ಕೆ ಸಾರಜನಕವೇ ಕಾರಣ ಅಂದರು. ಅದಕ್ಕೆ ಮದ್ದು ಒಂದೇ, ಮೇಲಕ್ಕೆ ತರುವುದು.

ಗೇಜು ಸುಳ್ಳು ಹೇಳದ ಸಂದರ್ಭಗಳು

ಗೇಜನ್ನು ಬೈದದ್ದಾಯಿತು, ಈಗ ಅದರ ಗುಣವನ್ನೂ ಹೇಳಬೇಕು. ಡೈವರ್ ಇರುವ ಆಳಕ್ಕಿಂತ ಮುಳ್ಳು ಬಹಳ ಮೇಲೆ ಹೋಗಿದ್ದರೆ ನಡುವೆ ಎಲ್ಲೋ ಹೋಸ್ ಮಡಚಿದೆ ಅಥವಾ ಯಾವುದೋ ಕಬ್ಬಿಣದ ಕೆಳಗೆ ಸಿಕ್ಕಿದೆ. ತಟ್ಟನೆ ಕೆಳಗೆ ಬಿದ್ದರೆ ಹೋಸ್ ಒಡೆದಿದೆ. ಯಾರೂ ಹಗ್ಗ ಬಿಡದೆ ಮುಳ್ಳು ತಾನಾಗೇ ಏರುತ್ತಾ ಹೋದರೆ ಡೈವರ್ ಕೆಳಕ್ಕೆ ಜಾರುತ್ತಿದ್ದಾನೆ. ಈ ಮೂರರಲ್ಲಿ ಯಾವುದಾದರೂ ಕಂಡರೆ ಸಂಕೇತಕ್ಕೆ ಕಾಯಬಾರದು.

ಗುಳ್ಳೆಗಳನ್ನೂ ಜೊತೆಗೆ ಓದಬೇಕು. ಒಂದೇ ಕಡೆ ಸಮನಾಗಿ ಏಳುತ್ತಿದ್ದರೆ ಒಳ್ಳೆಯದು. ದೋಣಿಯ ಹತ್ತಿರ ಹೊಸ ಗುಳ್ಳೆಸಾಲು ಎದ್ದರೆ ಹೋಸಿನ ಜೋಡಣೆ ಸೋರುತ್ತಿದೆ. ಗುಳ್ಳೆ ಪೂರಾ ನಿಂತರೆ ಒಂದೋ ಗಾಳಿ ಹೋಗುತ್ತಿಲ್ಲ, ಇಲ್ಲವೇ ಹೊರಬಿಡುವ ವಾಲ್ವ್ ಮುಚ್ಚಿದೆ. ಎರಡೂ ಕೆಟ್ಟದ್ದೇ. ಆದರೆ ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಮಾಡಿದರೆ ಅನಾಹುತ. ಗೇಜು ನೋಡಿಯೇ ತೀರ್ಮಾನ ಮಾಡಬೇಕು.

ಗಾಜು ಮಂಜಾಗಿದೆ

ಸಣ್ಣ ದೋಷ. ಆದರೂ ಸುಳಿವು ಕೊಡುತ್ತದೆ. ಒಳಬರುವ ಗಾಳಿ ಚಪ್ಪಟೆ ಕೊಳವೆಗಳಲ್ಲಿ ಬಂದು ನೇರ ಕಿಟಕಿಗಳ ಮೇಲೆ ಬೀಸುವಂತೆ ಹೆಲ್ಮೆಟ್ ಮಾಡಿರುತ್ತಾರೆ. ಅಷ್ಟು ಹೊತ್ತು ತಿಳಿಯಾಗಿದ್ದ ಗಾಜು ಈಗ ಮಂಜಾಯಿತು ಅಂದರೆ ಗಾಳಿ ಕಡಿಮೆಯಾಗಿರಬಹುದು, ‘ಗಾಳಿ ಸಾಲ್ತಿಲ್ಲ’ ಅನ್ನುವ ಭಾಗವನ್ನು ಮತ್ತೆ ಓದಿ. ಮಾರ್ಕ್ 5ರಲ್ಲಿ ಇದಕ್ಕೆಂದೇ ಒಂದು ಪುಟ್ಟ ನಲ್ಲಿ ಇದೆ. ಅದನ್ನು ತೆರೆದು ಬಾಯಿ ತುಂಬ ಸಮುದ್ರದ ನೀರು ಎಳೆದುಕೊಂಡು, ಗಾಜಿನ ಮೇಲೆ ಉಗಿದು ತೊಳೆಯುವುದು. ಅಸಹ್ಯ ಅನ್ನಿಸಬಹುದು. ಆದರೆ ಕೈ ಹೊರಗೆ, ಮುಖ ಒಳಗೆ ಇರುವವನಿಗೆ ಬೇರೆ ದಾರಿ ಎಲ್ಲಿದೆ?

ಒಳಗೆ ನೀರು

ಎಲ್ಲಿ ಮೊದಲು ತಣ್ಣಗಾಯಿತು ಅಂತ ಕೇಳಿ. ಮಣಿಕಟ್ಟಾದರೆ ರಬ್ಬರ್ ಪಟ್ಟಿ ಸಡಿಲ ಅಥವಾ ಸೀಳಿದೆ. ಎದೆ, ಬೆನ್ನು, ಹೆಗಲು ಆದರೆ ಕಾಲರ್. ನಟ್ಟುಗಳನ್ನು ಒಂದು ಕಡೆಯಿಂದ ಸಾಲಾಗಿ ಬಿಗಿದರೆ ರಬ್ಬರ್ ಒಂದೆಡೆ ಗುಡ್ಡೆಯಾಗಿ ಇನ್ನೊಂದೆಡೆ ಸಂದು ಬಿಡುತ್ತದೆ. ಎದುರುಬದುರು, ಸ್ವಲ್ಪ ಸ್ವಲ್ಪವೇ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಕಿವಿಯ ಬಳಿ ಹನಿ ಬಿದ್ದರೆ ಹೆಲ್ಮೆಟ್ಟಿನ ಕೆಳಗಿನ ಚರ್ಮದ ವಾಷರ್ ಒಣಗಿದೆ, ಇಲ್ಲವೇ ಹೊರಬಿಡುವ ವಾಲ್ವಿನಲ್ಲಿ ಮರಳು ಕೂತಿದೆ. ಕಾಲು ನೆನೆದಿದೆ ಅಂತ ಕಾಲಿನಲ್ಲೇ ತೂತು ಹುಡುಕಬೇಡಿ. ಎಲ್ಲಿಂದ ಬಂದ ನೀರೂ ಕೊನೆಗೆ ಇಳಿಯುವುದು ಕಾಲಿಗೇ.

ದಡದ ಮೇಲೆ ಪತ್ತೆ ಮಾಡುವುದು ಸುಲಭ. ಮಣಿಕಟ್ಟು, ಕಾಲರ್ ಕಟ್ಟಿ, ಸೂಟಿಗೆ ಗಾಳಿ ತುಂಬಿ, ಹೊಲಿಗೆಗಳ ಮೇಲೆ ಸೋಪಿನ ನೀರು ಸವರಿ.

ನೆಟ್ಟಗೆ ನಿಂತಿರುವ ತನಕ ಈ ಸೋರಿಕೆ ಕೊಲ್ಲುವುದಿಲ್ಲ. ಗಾಳಿ ಮೇಲೆ, ನೀರು ಕೆಳಗೆ. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಹಾಲ್ಡೇನರ ಮಗನದ್ದು. 1906ರಲ್ಲಿ ಸ್ಕಾಟ್ಲೆಂಡಿನ ಪರೀಕ್ಷೆಗಳಿಗೆ ಅಪ್ಪನ ಜೊತೆ ಹೋಗಿದ್ದ 13 ವರ್ಷದ ಹುಡುಗನಿಗೂ ಸೂಟು ತೊಡಿಸಿ ಇಳಿಸಿದರು. ದೊಡ್ಡವರ ಸೂಟು, ಹುಡುಗನ ಕೈ ಸಣ್ಣದು, ಮಣಿಕಟ್ಟಿನಿಂದ ನೀರು ನುಗ್ಗಿತು. ಎದೆಯವರೆಗೂ ಏರಿತು. ಅವನು ಗಾಬರಿಯಾಗದೆ ವಾಲ್ವ್ ಹಿಡಿದು ಗಾಳಿಯನ್ನು ಹೊಂದಿಸಿಕೊಂಡು, ನೀರು ಇನ್ನೂ ಮೇಲೇರದಂತೆ ನೋಡಿಕೊಂಡ. ಆ ಹುಡುಗನೇ ಜೆ.ಬಿ.ಎಸ್. ಹಾಲ್ಡೇನ್. ಮುಂದೆ ದೊಡ್ಡ ವಿಜ್ಞಾನಿಯಾಗಿ, 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪೌರತ್ವ ಪಡೆದು, ಭುವನೇಶ್ವರದಲ್ಲಿ ತೀರಿಕೊಂಡರು.

ಅವನು ಮುಗ್ಗರಿಸಿ ತಲೆಕೆಳಗಾಗಿದ್ದರೆ? ಅಷ್ಟೂ ನೀರು ಹೆಲ್ಮೆಟ್ಟಿಗೆ ಇಳಿಯುತ್ತಿತ್ತು. ಸೂಟಿನಲ್ಲಿ ನೀರಿದ್ದಾಗ ಬಗ್ಗಿ ಕೆಲಸ ಮಾಡಬಾರದು ಅನ್ನುವುದು ಇದಕ್ಕೇ.

ಸೂಟು ಉಬ್ಬಿ ಮೇಲಕ್ಕೆ ಹಾರುವುದು

ಹೊರಬಿಡುವ ವಾಲ್ವ್ ಜಾಸ್ತಿ ಬಿಗಿದಿದ್ದರೆ ಸೂಟು ತುಂಬುತ್ತದೆ. ಡೈವರ್ ಹಗುರಾಗಿ ತೇಲಲು ಶುರು. ಏರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಇನ್ನೂ ಉಬ್ಬುತ್ತದೆ, ವೇಗ ಇನ್ನೂ ಏರುತ್ತದೆ. ತೋಳುಗಳು ಬಿಗಿದು ಆಚೀಚೆ ಚಾಚಿಕೊಳ್ಳುತ್ತವೆ. ಕೈ ಮಡಚಿ ವಾಲ್ವ್ ಮುಟ್ಟಲೂ ಆಗುವುದಿಲ್ಲ. ಅದಕ್ಕೇ ವಾಲ್ವನ್ನು ಒಳಗಿನಿಂದ ತಲೆಯಲ್ಲೋ ಗಲ್ಲದಲ್ಲೋ ಒತ್ತಿ ತೆರೆಯುವ ಏರ್ಪಾಡು ಇರುತ್ತದೆ. ಮೊದಲ ಕ್ಷಣದಲ್ಲೇ ಒತ್ತಬೇಕು, ತಡವಾದರೆ ಉಪಯೋಗ ಕಡಿಮೆ.

ಎರಡನೇ ಕಾರಣ ಕಾಲು. ಡೈವರ್ ಮಲಗಿ ಅಥವಾ ಬಗ್ಗಿ ಕೆಲಸ ಮಾಡುವಾಗ ಕಾಲು ತಲೆಗಿಂತ ಮೇಲೆ ಹೋದರೆ ಗಾಳಿ ಕಾಲಿಗೆ ಓಡುತ್ತದೆ. ವಾಲ್ವ್ ಇರುವುದು ತಲೆಯ ಹತ್ತಿರ, ಗಾಳಿ ಇರುವುದು ಕಾಲಲ್ಲಿ. ಎಷ್ಟು ತೆರೆದರೂ ಏನೂ ಹೋಗುವುದಿಲ್ಲ. ಡೈವರ್ ತಲೆಕೆಳಗಾಗಿ ಮೇಲೆ ಬರುತ್ತಾನೆ. ಪ್ಯಾಂಟಿನ ಭಾಗವನ್ನು ಹಿಂದಿನಿಂದ ಲಾಡಿ ಕಟ್ಟಿ ಬಿಗಿಯುವುದು ಅಲ್ಲಿ ಗಾಳಿಗೆ ಜಾಗ ಇರಬಾರದು ಅಂತಲೇ. ಒಬ್ಬನೇ ಡೈವರ್ ಮತ್ತೆ ಮತ್ತೆ ಹೀಗೆ ಉಬ್ಬುತ್ತಿದ್ದರೆ ವಾಲ್ವ್ ಬಿಚ್ಚುವ ಮೊದಲು ಲಾಡಿ ನೋಡಿ.

ಮೇಲೆ ಬಂದಾಗ ದೋಣಿಯವನು ತಕ್ಷಣ ಹಗ್ಗ, ಹೋಸಿನ ಸಡಿಲು ಎಳೆದುಕೊಳ್ಳಬೇಕು. ಯಾಕೆಂದರೆ ಸೂಟು ಒಡೆದರೆ, ಅಥವಾ ಡೈವರ್ ಗಾಬರಿಯಲ್ಲಿ ವಾಲ್ವ್ ಪೂರಾ ತೆರೆದರೆ, ಬಂದಷ್ಟೇ ವೇಗದಲ್ಲಿ ಕಲ್ಲಿನಂತೆ ಕೆಳಗೆ ಹೋಗುತ್ತಾನೆ. ಅಲ್ಲಿ ಮುಂದಿನ ದೋಷ ಕಾದಿರುತ್ತದೆ.

ಹಿಂಡುವಿಕೆ

ಇರುವುದರಲ್ಲೆಲ್ಲ ಭೀಕರ ಇದು. ಹೆಲ್ಮೆಟ್ ಗಟ್ಟಿ, ಮೈ ಮೆತ್ತಗೆ. ಒಳಗಿನ ಗಾಳಿಯ ಒತ್ತಡ ಹೊರಗಿನ ನೀರಿಗಿಂತ ಕಡಿಮೆಯಾದರೆ ನೀರು ಮೈಯನ್ನು ಹೆಲ್ಮೆಟ್ಟಿನೊಳಕ್ಕೆ ತಳ್ಳುತ್ತದೆ. 20 ಮೀಟರ್ ಆಳದಲ್ಲಿ, ಹೋಸ್ ನೀರಿನ ಮೇಲ್ಭಾಗದಲ್ಲಿ ಒಡೆದು, ನಾನ್ ರಿಟರ್ನ್ ವಾಲ್ವ್ ಕೆಲಸ ಮಾಡದಿದ್ದರೆ, ಪ್ರತಿ ಚದರ ಸೆಂಟಿಮೀಟರಿಗೆ 2 ಕಿಲೋ ಲೆಕ್ಕದಲ್ಲಿ ಒತ್ತಡ ಬೀಳುತ್ತದೆ. ರಾಯಲ್ ಜಾರ್ಜ್ ಕೆಲಸದಲ್ಲೇ ಒಬ್ಬ ಸೈನಿಕ ಡೈವರ್‌ನ ಹೋಸ್ ಒಡೆದು ಹೀಗಾಗಿತ್ತು. ಮುಖ, ಕುತ್ತಿಗೆ ಊದಿ ರಕ್ತ ಸುರಿಯುತ್ತಿದ್ದ ಸ್ಥಿತಿಯಲ್ಲಿ ಅವನನ್ನು ಮೇಲೆತ್ತಿದರು.

ನಾನ್ ರಿಟರ್ನ್ ವಾಲ್ವ್ ಇರುವುದು ಈ ಒಂದು ಕ್ಷಣಕ್ಕಾಗಿ. ಉಳಿದ ದಿನವೆಲ್ಲ ಅದು ಕೆಟ್ಟಿದ್ದರೂ ಯಾರಿಗೂ ತಿಳಿಯುವುದಿಲ್ಲ, ಗಾಳಿ ಸಲೀಸಾಗಿ ಹೋಗುತ್ತಲೇ ಇರುತ್ತದೆ. ಇಂಥ ಭಾಗವನ್ನು ಹುಡುಕಿಕೊಂಡು ಹೋಗಿಯೇ ಪರೀಕ್ಷಿಸಬೇಕು. ಪ್ರತಿ ಸಲ ಇಳಿಯುವ ಮೊದಲು, ಹೋಸ್ ಜೋಡಿಸುವ ತುದಿಗೆ ಬಾಯಿ ಇಟ್ಟು ಉಸಿರೆಳೆಯಿರಿ. ಗಾಳಿ ಬರಲೇಬಾರದು. ಸ್ವಲ್ಪ ಬಂದರೂ ಚರ್ಮದ ವಾಷರ್ ಬದಲಿಸಿ. ‘ಸ್ವಲ್ಪ ತಾನೇ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹೋಸ್ ಗಟ್ಟಿಯಿದ್ದರೂ ಬೀಳುವುದರಿಂದ ಹಿಂಡುವಿಕೆ ಆಗುತ್ತದೆ. ಡೈವರ್ ಹಡಗಿನ ಅಂಚಿನಿಂದ ಜಾರಿದರೆ ಪಂಪು ಅಷ್ಟು ಬೇಗ ಗಾಳಿ ತುಂಬಲಾರದು. ಇಲ್ಲಿ ಲೆಕ್ಕ ನಮ್ಮ ಊಹೆಗೆ ಉಲ್ಟಾ. ನೀರಿನ ಮೇಲಿಂದ 10 ಮೀಟರಿಗೆ ಬಿದ್ದರೆ ಸೂಟಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 30ರಿಂದ 40 ಮೀಟರಿಗೆ ಬಿದ್ದರೆ ಐದನೇ ಒಂದು ಭಾಗ ಮಾತ್ರ ಕುಗ್ಗುತ್ತದೆ. ಬಿದ್ದದ್ದು ಅಷ್ಟೇ ಮೀಟರ್, ಅಪಾಯ ಜಾಸ್ತಿ ಇರುವುದು ಮೇಲಿನ ನೀರಿನಲ್ಲಿ. ಏಣಿ ಬಿಟ್ಟ ತಕ್ಷಣವೇ ಹಗ್ಗವನ್ನು ಬಿಗಿಯಾಗಿ ಹಿಡಿಯಬೇಕಾದ್ದು ಇದಕ್ಕೆ.

ಅಂಗಡಿಯಲ್ಲಿ ಸಿಕ್ಕ ಹೆಲ್ಮೆಟ್

ರೆಸಾರ್ಟುಗಳಲ್ಲಿ, ಹಳೇ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಥಳಥಳ ಹೊಳೆಯುವ ಹೆಲ್ಮೆಟ್ ನೋಡಿರುತ್ತೀರಿ. ರೂರ್ಕಿ, ಮೊರಾದಾಬಾದ್ ಕಡೆ ಅಲಂಕಾರಕ್ಕೆಂದೇ ಇವನ್ನು ಮಾಡುತ್ತಾರೆ. ಮನೆಯಲ್ಲಿಡಲು ಚೆಂದ, ಅದರಲ್ಲಿ ತಪ್ಪೇನಿಲ್ಲ. ‘ನೂರು ವರ್ಷ ಹಳೇದು’ ಅಂತ ಮಾರಿದರೆ ಮಾತ್ರ ನೋಡಿಕೊಳ್ಳಿ. ಕೈಯಲ್ಲಿ ಎತ್ತಿ: ಮಾರ್ಕ್ 5ರ ಹೆಲ್ಮೆಟ್, ಹೆಗಲಿನ ತಟ್ಟೆ ಸೇರಿ 25 ಕಿಲೋ ಆಸುಪಾಸು ಇರುತ್ತದೆ. ಒಳಗೆ ಇಣುಕಿ: ಕಿಟಕಿಗೆ ಹೋಗುವ ಗಾಳಿಯ ಕೊಳವೆ ಇದೆಯೇ? ಹೋಸ್ ಕೂರುವ, ಮೊಣಕೈಯಂತೆ ಬಾಗಿದ ಕೊಳವೆಯಲ್ಲಿ ನಿಜವಾದ ವಾಲ್ವ್ ಇದೆಯೇ, ಸುಮ್ನೆ ಬೆಸುಗೆ ಹಾಕಿದ ಮುಚ್ಚಳವೇ? ಇವು ಇಲ್ಲದಿದ್ದರೆ ಅದು ಹೂದಾನಿ. ನೀರಿಗಂತೂ ಒಯ್ಯಬೇಡಿ.

ಸೂಟು ಸರಿಯಿದೆ, ಕೆಲಸ ಸಾಗುತ್ತಿಲ್ಲ

ಕೂಲಿ ಕೆಲಸಕ್ಕೆ ಸಂಬಂಧಪಟ್ಟ ದೂರು ಇದು. ಸ್ಪ್ಯಾನರ್ ತಿರುಗಿಸಿದರೆ ಬೋಲ್ಟ್ ತಿರುಗುವ ಬದಲು ಡೈವರೇ ತಿರುಗುತ್ತಾನೆ. ಹಾರೆ ಒತ್ತಿದರೆ ತಾನೇ ಹಿಂದೆ ಹೋಗುತ್ತಾನೆ. 86 ಕಿಲೋ ಹೊತ್ತವನಿಗೆ ಇದೆಂಥ ಕಷ್ಟ ಅನ್ನಿಸಬಹುದು. ಗಾಳಿ ತುಂಬಿದ ಸೂಟು ಅಷ್ಟು ನೀರನ್ನು ಸರಿಸುತ್ತದೆ, ತಳದಲ್ಲಿ ಅವನ ನಿಜವಾದ ಭಾರ ಕೆಲವೇ ಕಿಲೋ. ಪರಿಹಾರ ವಾಲ್ವಿನಲ್ಲೇ ಇದೆ. ಸ್ವಲ್ಪ ತೆರೆದು ಗಾಳಿ ಇಳಿಸಿದರೆ ನೆಲಕ್ಕೆ ಊರಿ ನಿಲ್ಲಬಹುದು, ನಡೆದು ಹೋಗುವಾಗ ಮತ್ತೆ ಬಿಗಿಯಬಹುದು. ಪಳಗಿದ ಡೈವರ್ ದಿನವಿಡೀ ಒಂದು ಕೈಯಲ್ಲಿ ಇದನ್ನೇ ಮಾಡುತ್ತಿರುತ್ತಾನೆ. ಹೊಸಬ ಒಂದೇ ಸಲ ಹೊಂದಿಸಿ ಮರೆಯುತ್ತಾನೆ.

ಈ ಕಸುಬಿನ ತಾಳ್ಮೆ ನೋಡಬೇಕಾದರೆ ವಿಲಿಯಂ ವಾಕರ್‌ನನ್ನು ನೋಡಬೇಕು. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್ ಕುಸಿಯುತ್ತಿತ್ತು. ಪಾಯದ ಕೆಳಗೆ ಕೊಳೆತ ಸಸ್ಯಗಳ ಮೆತ್ತನೆಯ ಮಣ್ಣು. ಅಗೆದರೆ ಅಂತರ್ಜಲ ಉಕ್ಕುತ್ತಿತ್ತು. 1906ರಿಂದ 1911ರವರೆಗೆ ವಾಕರ್ ಸುಮಾರು 6 ಮೀಟರ್ ಆಳದ ಆ ಗುಂಡಿಗಳಲ್ಲಿ, ಕಣ್ಣಿಗೆ ಏನೂ ಕಾಣದ ಕೆಸರು ನೀರಿನಲ್ಲಿ, ಕೈಯಿಂದ ತಡವಿ ತಡವಿ 25,800 ಚೀಲ ಕಾಂಕ್ರೀಟ್ ಮತ್ತು 1,14,900 ಕಾಂಕ್ರೀಟ್ ಇಟ್ಟಿಗೆ ಇಟ್ಟ. ಸೂಟು ಬಿಚ್ಚಿ ಹಾಕುವುದು ದೊಡ್ಡ ರಗಳೆ. ಊಟದ ಹೊತ್ತಿಗೆ ಹೆಲ್ಮೆಟ್ ಮಾತ್ರ ತೆಗೆದು, ಹಾಗೇ ಕೂತು ತಿಂದು, ಪೈಪು ಸೇದಿ ಮತ್ತೆ ಇಳಿಯುತ್ತಿದ್ದ. ಆಮೇಲೆ ಅವನಿಗೆ ಒಂದು ಪ್ರತಿಮೆ ಮಾಡಿದರು, ಅದರಲ್ಲಿ ಮುಖ ಮಾತ್ರ ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸ್‌ನದು! 2001ರಲ್ಲಿ ಸರಿಯಾದ ಮುಖದ ಪ್ರತಿಮೆ ಇಟ್ಟರು. ಕೂಲಿಯವನ ಗುರುತು ಹಿಡಿಯಲು ಅಷ್ಟು ವರ್ಷ ಬೇಕಾಯಿತು.

ಹಗ್ಗಕ್ಕೆ ಉತ್ತರ ಇಲ್ಲ

ಒಂದು ಸಲ ಜಗ್ಗಿದರೆ ‘ಚೆನ್ನಾಗಿದ್ದೀಯಾ?’. ಡೈವರ್ ಅದನ್ನೇ ವಾಪಸ್ ಜಗ್ಗಬೇಕು. ಉತ್ತರ ಬರದಿದ್ದರೆ ಮೊದಲು ನಿಮ್ಮ ಕಡೆಯ ಸಡಿಲು ತೆಗೆದು ಮತ್ತೆ ಕೇಳಿ. ಸಡಿಲ ಹಗ್ಗ ಯಾವ ಸುದ್ದಿಯನ್ನೂ ಒಯ್ಯುವುದಿಲ್ಲ. ಹಗ್ಗ ಗಟ್ಟಿಯಾಗಿ, ಜೀವವಿಲ್ಲದಂತೆ ನಿಂತರೆ ಅದು ಕಂಬಕ್ಕೋ ಕಬ್ಬಿಣಕ್ಕೋ ಸುತ್ತಿದೆ, ನೀವು ಮಾತಾಡುತ್ತಿರುವುದು ಕಂಬದ ಜೊತೆ. ಹಾಗಿದ್ದಾಗ ಬಲವಾಗಿ ಎಳೆದರೆ ಸಿಕ್ಕು ಇನ್ನೂ ಬಿಗಿಯುತ್ತದೆ. ಗುಳ್ಳೆ ಬರುತ್ತಿದ್ದರೆ ಸಮಯವಿದೆ, ಎರಡನೇ ಡೈವರ್‌ನನ್ನು ಇಳಿಸಿ. ಅಮೆರಿಕದ ಸಂಕೇತದಲ್ಲಿ ಮೂರು-ಮೂರು-ಮೂರು ಅಂದರೆ ‘ಸಿಕ್ಕಿಕೊಂಡಿದ್ದೇನೆ, ನಾನೇ ಬಿಡಿಸಿಕೊಳ್ಳುತ್ತೇನೆ’. ಎರಡು-ಎರಡು-ಎರಡು ಅಂದರೆ ‘ಸಿಕ್ಕಿಕೊಂಡಿದ್ದೇನೆ, ಇನ್ನೊಬ್ಬ ಬೇಕು’. ಎಣಿಕೆ ತಪ್ಪಿದರೆ ಅರ್ಥವೇ ತಿರುಗುತ್ತದೆ. ಆಮೇಲಾಮೇಲೆ ಹೆಲ್ಮೆಟ್ಟಿಗೆ ಟೆಲಿಫೋನ್ ಬಂತು, ಆದರೂ ಹಗ್ಗ ಹೋಗಲಿಲ್ಲ.

ಮೇಲೆ ಬಂದ ಮೇಲೆ ನೋವು

ಹೆಲ್ಮೆಟ್ ತೆಗೆದಾಯಿತು, ಡೈವರ್ ಆರಾಮಾಗಿ ಕೂತಿದ್ದಾನೆ. ಸ್ವಲ್ಪ ಹೊತ್ತಿಗೆ ಮೊಣಕಾಲು, ಹೆಗಲು ನೋವು. ಮೈ ತುರಿಕೆ. ಇನ್ನೂ ಕೆಟ್ಟದಾದರೆ ಕಾಲಿಗೆ ಸ್ವಾಧೀನ ಇಲ್ಲ. ಸೂಟನ್ನು ಎಷ್ಟು ಬಿಚ್ಚಿ ನೋಡಿದರೂ ಇಲ್ಲಿ ದೋಷ ಸಿಗುವುದಿಲ್ಲ. ಒತ್ತಡದಲ್ಲಿ ರಕ್ತಕ್ಕೆ, ಮಾಂಸಕ್ಕೆ ಕರಗಿದ ಸಾರಜನಕ ಬೇಗ ಮೇಲೆ ಬಂದಾಗ ಗುಳ್ಳೆಯಾಗುತ್ತದೆ ಅಂತ ಫ್ರಾನ್ಸಿನ ಪಾಲ್ ಬೇರ್ 1878ರಲ್ಲೇ ಬರೆದಿದ್ದ. ಸೂಟು ಚೆನ್ನಾಗಿದ್ದಷ್ಟೂ ಜನ ಹೆಚ್ಚು ಹೊತ್ತು ಕೆಳಗಿರುತ್ತಿದ್ದರು, ಈ ಕಾಯಿಲೆ ಹೆಚ್ಚುತ್ತಿತ್ತು.

ಗ್ರೀಸಿನ ಸ್ಪಂಜು ದ್ವೀಪಗಳಿಗೆ 1860ರ ದಶಕದಲ್ಲಿ ಈ ಸೂಟು ಬಂತು. ಮೊದಲು ಬರಿಮೈಯಲ್ಲಿ ಉಸಿರು ಹಿಡಿದು ಇಳಿಯುತ್ತಿದ್ದವರು ಈಗ ಆಳದಲ್ಲಿ ನಡೆದಾಡತೊಡಗಿದರು. ಸ್ಪಂಜಿನ ರಾಶಿ ಬಂತು, ಜೊತೆಗೆ ಕುಂಟುವ ಗಂಡಸರು, ವಿಧವೆಯರು. ಸಿಮಿ ದ್ವೀಪದ ಸ್ಪಂಜು ಡೈವರ್‌ಗಳೇ 1900ರಲ್ಲಿ ಆಂಟಿಕಿಥೆರಾ ಬಳಿ ಪುರಾತನ ಹಡಗಿನ ಶಿಲ್ಪಗಳನ್ನು ಕಂಡದ್ದು. ಅವನ್ನು ಮೇಲೆತ್ತುವ ಕೆಲಸದಲ್ಲಿ ಒಬ್ಬ ಸತ್ತ, ಇಬ್ಬರಿಗೆ ಲಕ್ವ ಹೊಡೆಯಿತು.

ಇದಕ್ಕೂ ಉತ್ತರ ಕೊಟ್ಟದ್ದು ಹಾಲ್ಡೇನರೇ. ಆಡುಗಳ ಮೇಲೆ ಪ್ರಯೋಗ ಮಾಡಿ, ಆಮೇಲೆ ಸ್ಕಾಟ್ಲೆಂಡಿನಲ್ಲಿ ನೌಕಾಪಡೆಯ ಡೇಮಂಟ್ ಮತ್ತು ಕ್ಯಾಟೊ ಅವರನ್ನು 64 ಮೀಟರ್ ವರೆಗೆ ಇಳಿಸಿ, 1908ರಲ್ಲಿ ಕೋಷ್ಟಕ ಪ್ರಕಟಿಸಿದರು. ಒಟ್ಟು ಒತ್ತಡ ಅರ್ಧವಾಗುವವರೆಗೆ ಬೇಗ ಬರಬಹುದು, ಆಮೇಲೆ ಹಂತ ಹಂತವಾಗಿ ನಿಂತು ನಿಂತು ಬರಬೇಕು. ಅಂದರೆ 30 ಮೀಟರಿನಿಂದ ಸುಮಾರು 10ರವರೆಗೆ ಸರಸರ, ಅಲ್ಲಿಂದ ಮುಂದೆ ನಿಧಾನ. ಇವತ್ತಿನ ಕೋಷ್ಟಕಗಳು ಬದಲಾಗಿವೆ, ನಿಂತು ಬರುವ ಪದ್ಧತಿ ಉಳಿದಿದೆ. ನೋವು ಬಂದಾಗಿದ್ದರೆ ಮತ್ತೆ ಒತ್ತಡಕ್ಕೆ ಒಳಪಡಿಸುವುದೇ ಚಿಕಿತ್ಸೆ, ಅದು ಒತ್ತಡದ ಕೋಣೆಯಲ್ಲಿ, ವೈದ್ಯರ ಕೈಯಲ್ಲಿ.

ಸೂಟೇ ತಪ್ಪು ಸಾಧನವಾದಾಗ

1879ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸೆವರ್ನ್ ನದಿಯ ಕೆಳಗಿನ ರೈಲು ಸುರಂಗಕ್ಕೆ ದೊಡ್ಡ ಒರತೆ ನುಗ್ಗಿತು. ಒಳಗೆ ಸುಮಾರು 300 ಮೀಟರ್ ದೂರದಲ್ಲಿ ಒಂದು ಕಬ್ಬಿಣದ ಬಾಗಿಲು ತೆರೆದೇ ಉಳಿದಿತ್ತು. ಅದನ್ನು ಮುಚ್ಚದೆ ನೀರು ಖಾಲಿ ಮಾಡಲಾಗುತ್ತಿರಲಿಲ್ಲ. 1880ರಲ್ಲಿ ಅಲೆಕ್ಸಾಂಡರ್ ಲ್ಯಾಂಬರ್ಟ್ ಅನ್ನುವ ಡೈವರ್ ಇದೇ ಭಾರದ ಸೂಟಿನಲ್ಲಿ ಒಳಗೆ ಹೋದ. ಹೋಸ್ ಮುಂದಕ್ಕೆ ಕೊಡಲು ಹಿಂದೆ ಬೇರೆ ಡೈವರ್‌ಗಳೂ ನಿಂತರು. ಆದರೆ ಗಾಳಿ ತುಂಬಿದ ಹೋಸ್ ತೇಲಿ ಸುರಂಗದ ಚಾವಣಿಗೆ ಅಂಟಿಕೊಂಡಿತು. ಅಷ್ಟುದ್ದದ ಹೋಸಿನ ಉಜ್ಜಾಟವನ್ನು ಎಳೆಯುವ ಶಕ್ತಿ ಯಾವ ಮನುಷ್ಯನಿಗೂ ಇಲ್ಲ. ಬಾಗಿಲ ಹತ್ತಿರದವರೆಗೆ ಹೋಗಿ ವಾಪಸ್ ಬಂದ. ಪಂಪು, ವಾಲ್ವ್, ವಾಷರ್ ಎಲ್ಲ ಸರಿ ಇದ್ದವು. ಮೇಲಿಂದ ಗಾಳಿ ತರುವ ಏರ್ಪಾಡೇ ಆ ಜಾಗಕ್ಕೆ ಹೊಂದುತ್ತಿರಲಿಲ್ಲ.

ಹೆನ್ರಿ ಫ್ಲೂಸ್ ಆಗಷ್ಟೇ ಹೋಸ್ ಬೇಡದ ಆಮ್ಲಜನಕದ ಸಾಧನ ಮಾಡಿದ್ದ. ಅದನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಂಬರ್ಟ್ ಕತ್ತಲಲ್ಲಿ ಮತ್ತೆ ಹೋದ, ಅಡ್ಡವಿದ್ದ ಹಳಿ ಕಿತ್ತ, ಬಾಗಿಲು ಮುಚ್ಚಿದ, ಪಕ್ಕದ ಕೊಳವೆಯ ವಾಲ್ವನ್ನೂ ಹೇಳಿದಷ್ಟು ಸುತ್ತು ತಿರುಗಿಸಿ ಬಂದ. ಪಂಪುಗಳು ಶುರುವಾದವು. ನೀರು ಇಳಿಯಿತು, ಆದರೆ ಅಂದುಕೊಂಡದ್ದಕ್ಕಿಂತ ತೀರಾ ನಿಧಾನ. ಪೂರಾ ಇಳಿದ ಮೇಲೆ ಜನ ಒಳಗೆ ನಡೆದು ಹೋಗಿ ನೋಡಿದರೆ ಬಾಗಿಲು ಸರಿಯಾಗಿಯೇ ಮುಚ್ಚಿತ್ತು. ವಾಲ್ವಿನ ತಿರುಪು ಮಾತ್ರ ಎಡಸುತ್ತಿನದು, ಅಂದರೆ ಮಾಮೂಲಿಗೆ ಉಲ್ಟಾ ತಿರುಗುವಂಥದ್ದು. ಲ್ಯಾಂಬರ್ಟ್ ತಿರುಗಿಸಿದ ಅಷ್ಟೂ ಸುತ್ತು ಅದನ್ನು ಮುಚ್ಚುವ ಬದಲು ತೆರೆದಿತ್ತು.